ಕೇಳದೆ ಕಟ್ಟಿದ ರಣಕಂಕಣ

ನವಲಗುಂದ ಸೀಮೆಯ ಶಾಲೆಯೊಂದರಲ್ಲಿ ನಾವು ಇತಿಹಾಸವನ್ನು ಹೇಳುತ್ತಿದ್ದೆವು. 1939ರ ಸಪ್ಟೆಂಬರ 3ರಂದು ವೈಸರಾಯ್ ಲಿನ್‌ಲಿತ್‌ಗೋ ಅವರು ಜನಪ್ರತಿನಿಧಿಗಳನ್ನು ಕೇಳದೆಯೇ ಹಿಂದುಸ್ಥಾನವು ಯುದ್ಧದಲ್ಲಿದೆಯೆಂದು ಸಾರಿದರೆಂದೆವು.

“ಬದುವಿನ ಜಗಳಕ್ಕೂ ಪಂಚರನ್ನ ಕೂಡಸ್ತಾರ, ಇದಕ್ಕ ಯಾರನ್ನೂ ಕೇಳಲಿಲ್ಲೇನ್ರಿ, ಸರ?” ಎಂದನು ಒಬ್ಬ ರೈತನ ಮಗನು.

ನಾವು ನಿರುತ್ತರರಾದೆವು. ಉದ್ಯೋಗಪರ್ವದಲ್ಲಿ ದುರ್ಯೋಧನನ ಸಭೆಯಲ್ಲಿಯೂ ಯುದ್ಧ ಬೇಡವೆನ್ನಲು ಹಿರಿಯರಿಗೆ ಎಡೆಯಿತ್ತು. ಇಲ್ಲಿ ಅದೂ ಇಲ್ಲ. ಧಾರವಾಡವು ಅಂದು ಸೇರಿದ್ದ ಮುಂಬಯಿ ಪ್ರಾಂತದ ಖೇರ ಮಂತ್ರಿಮಂಡಲವು ನವೆಂಬರದಲ್ಲಿ ರಾಜೀನಾಮೆಯಿತ್ತಿತು.

ಮುಂದೆ 25 ಲಕ್ಷ ಭಾರತೀಯರು ಸೈನ್ಯದಲ್ಲಿ ದುಡಿದರು. ನಮ್ಮ ಅಜ್ಜನ ತಮ್ಮನೂ ಹೋದನು, ಬರ್ಮಾದಿಂದ ಮರಳಲಿಲ್ಲ. ಅವನು ತಾನಾಗಿ ಸೇರಿದನು. ದೇಶವು ತಾನಾಗಿ ಸೇರಲಿಲ್ಲ. ಹಿಟ್ಲರನನ್ನು ತಡೆಯುವುದು ಧರ್ಮವೇ ಸರಿ. ಕೇಳಿದ್ದರೆ ಆ ಧರ್ಮವು ನಮ್ಮದೂ ಆಗುತ್ತಿತ್ತು.