ತೆರೆಯದ ಯಂತ್ರ ಕಲಿಸಿದ ಪಾಠ

'ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ' ಎಂಬ ಗಾದೆಯನ್ನು ನಾವು ಬಾಲ್ಯದಿಂದ ಕೇಳುತ್ತ ಬಂದಿದ್ದೇವೆ. ಪ್ರಸಂಗ ಒದಗಿದಾಗ ಇತರರಿಗೆ ಹೇಳುತ್ತಲೂ ಬಂದಿದ್ದೇವೆ. ಆದರೆ ದೊಣ್ಣೆ ನಮ್ಮ ಕೈಯಲ್ಲಿಯೇ ಇದ್ದು, ಗಡಿಗೆಯೂ ನಮ್ಮದೇ ಆಗಿರಬಹುದೆಂಬ ಎಚ್ಚರ ನಮಗೆ ಮೂಡಿದ್ದು 2025ರ ನವೆಂಬರ್ ತಿಂಗಳಲ್ಲಿ. ಅದು ಮೂಡಿದ ಬಗೆಯನ್ನು ವಾಚಕರ ಮುಂದಿಡುವುದು ನಮ್ಮ ಉದ್ದೇಶ. ಇಂದು ಹಲವು ಮನೆಗಳಲ್ಲಿ ಲ್ಯಾಪ್‌ಟಾಪ್ ಇರುತ್ತದೆ. ನಮಗಾದದ್ದು ಯಾರಿಗೂ ಆಗಬಹುದು.

ನಾವು 1986ರಿಂದ ಧಾರವಾಡ ಸೀಮೆಯ ಹಳ್ಳಿಗಳಲ್ಲಿ ತಿರುಗಾಡಿ ಒಕ್ಕಲುತನದ ಹಾಗೂ ಮನೆವಾರ್ತೆಯ ಮಾತುಗಳನ್ನು ಸಂಗ್ರಹಿಸುತ್ತ ಬಂದವರು. ರಂಟೆ, ಕುಂಟೆ, ಕೂರಿಗೆ, ನೊಗ, ಮಿಣಿ, ಮೇಟಿ, ಹಂತಿ, ಹಗೇವು ಮೊದಲಾದವುಗಳ ಒಂದೊಂದು ಅಂಗಕ್ಕೂ ನಮ್ಮ ಹಿರಿಯರಲ್ಲಿ ಪ್ರತ್ಯೇಕ ಹೆಸರುಗಳಿದ್ದವು. ಟ್ರ್ಯಾಕ್ಟರು, ರಾಶಿ ಮಾಡುವ ಯಂತ್ರಗಳು ಬಂದಂತೆ ಆ ಸಲಕರಣೆಗಳು ಅಟ್ಟ ಸೇರಿದವು. ಹಿಂದೆಯೇ ಹೆಸರುಗಳೂ ಮರೆಯಾದವು. ಚೀಟಿಗಳ ಮೇಲೆ ಬರೆದಿಟ್ಟ ಆ ಮಾತುಗಳನ್ನು ಗಣಕಯಂತ್ರ ಕೈಗೆ ಬಂದಮೇಲೆ ನುಡಿ ತಂತ್ರಾಂಶದಲ್ಲಿ ನಾವೇ ಬೆರಳಚ್ಚು ಮಾಡಿದೆವು. ಆರು ಸಾವಿರಕ್ಕೆ ಮಿಕ್ಕಿದ ಆ ಚೀಟಿಗಳು ಮುಂದೊಂದು ಮಳೆಗಾಲದಲ್ಲಿ ಗೆದ್ದಲಿಗೆ ಆಹಾರವಾದವು. ಮಾತು ಹೇಳಿದ ಹಿರಿಯರಲ್ಲಿ ಬಹುಪಾಲು ಜನ ಈಗಿಲ್ಲ. ಆದ್ದರಿಂದ ಆ ಸಂಗ್ರಹವು ಉಳಿದದ್ದು ನಾವು 2019ರಲ್ಲಿ ಕೊಂಡ ಲ್ಯಾಪ್‌ಟಾಪ್ ಒಂದರಲ್ಲಿ ಮಾತ್ರ.

ವಿಂಡೋಸ್ 10ಕ್ಕೆ ಕೊಡುತ್ತಿದ್ದ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ರಂದು ಮುಕ್ತಾಯವಾಯಿತು. ಬೆಂಬಲ ನಿಂತ ಮಾತ್ರಕ್ಕೆ ಯಂತ್ರವೇನೂ ನಿಲ್ಲುವುದಿಲ್ಲ. ಆದರೆ ಹೊಸದಾಗಿ ಕಂಡುಬರುವ ದೋಷಗಳಿಗೆ ತಿದ್ದುಪಡಿ ದೊರೆಯದೆ ಹೋಗುತ್ತದೆ. ಬೆಂಗಳೂರಿನಲ್ಲಿ ತಂತ್ರಾಂಶದ ಕೆಲಸದಲ್ಲಿರುವ ನಮ್ಮ ತಂಗಿಯ ಮಗ, ನಮ್ಮ ಯಂತ್ರವು ವಿಂಡೋಸ್ 11ಕ್ಕೆ ಅರ್ಹವಾಗಿದೆಯೆಂದು ದೂರದಿಂದಲೇ ಪರೀಕ್ಷಿಸಿ ಹೇಳಿದನು. ನಮ್ಮ ಮನೆಯ ಇಂಟರ್‌ನೆಟ್ ಬಲು ಮಂದಗತಿಯದು. ಆ ಕಾರಣ, ಊರಿನ ಅಂಗಡಿಯೊಂದರಲ್ಲಿ ಹೊಸ ವಿಂಡೋಸ್ ತುಂಬಿಸಿದ ಪೆನ್‌ಡ್ರೈವ್ ಮಾಡಿಸಿಕೊಂಡು ಬಂದು, ಅದರಿಂದಲೇ ಯಂತ್ರವನ್ನು ಎಬ್ಬಿಸುವುದೆಂದು ನಿಶ್ಚಯವಾಯಿತು.

ಮೊದಲ ದಿನ ಸಂಜೆ ಮನೆಯಲ್ಲಿ ನಾವೊಬ್ಬರೇ ಇದ್ದೆವು. ನಮ್ಮ ಮನೆಯವರು ಮದುವೆಗೆಂದು ತವರಿಗೆ ಹೋಗಿದ್ದರು. ಅಳಿಯನು ದೂರವಾಣಿಯಲ್ಲಿ ಮೊದಲಿಗೇ ಕೇಳಿದನು:

"ಮಾಮಾ, ಒಳಗಿನದೆಲ್ಲಾ ಬ್ಯಾರೆ ಕಡೆ ನಕಲು ತೆಗೆದಿಟ್ಟೀರಿಲ್ರಿ?"

"ಹೂಂ, ಆಗ್ಯದ ತಮ್ಮಾ" ಎಂದುಬಿಟ್ಟೆವು.

ಆಗಿರಲಿಲ್ಲ. ಅದಕ್ಕೆ ಬೇಕಾದ ಹೊರಗಣ ಡಿಸ್ಕನ್ನು ನಾವು ಇನ್ನೂ ಕೊಂಡಿರಲಿಲ್ಲ. ಬೇಸಾಯಿಸಿಕೊಂಡು ಈ ದಿನ ಬೇಡವೆನ್ನುವನೇನೋ ಎಂಬ ಅಂಜಿಕೆಯೊಂದು, ಇದು ಬರಿಯ ಶಿಷ್ಟಾಚಾರದ ಪ್ರಶ್ನೆಯೆಂಬ ಉದಾಸೀನವೊಂದು, ಇವೆರಡೂ ಕೂಡಿ ನಮ್ಮಿಂದ ಆ ಸುಳ್ಳನ್ನು ಆಡಿಸಿದವು. ಅರವತ್ತು ದಾಟಿದವರು ಆಡಬಾರದ ಮಾತು ಅದು.

ಪೆನ್‌ಡ್ರೈವ್ ಚುಚ್ಚಿ ಯಂತ್ರದ ಗುಂಡಿ ಒತ್ತಿದೆವು. ಅದು ಏನೂ ಆಗದವರಂತೆ ಹಳೆಯ ವಿಂಡೋಸ್ 10ನ್ನೇ ತೆರೆಯಿತು. ಮತ್ತೊಮ್ಮೆ ಮಾಡಿದೆವು, ಅದೇ ಫಲ. ನಾಲ್ಕು ಸಲ ಒಂದನ್ನೇ ಮಾಡಿ ಬೇರೆ ಫಲವನ್ನು ಬಯಸಿದೆವು.

ಆಗ ನಮಗೆ ನೆನಪಾದವರು ಮಠದ ಪಾಠಶಾಲೆಯಲ್ಲಿ ನಮಗೆ ಗ್ರಂಥಸಂಪಾದನೆಯ ಕ್ರಮ ಕಲಿಸಿದ ಗುರುಗಳು. ಓಲೆಗರಿಯಲ್ಲಿ ಪಾಠವೊಂದು ತಪ್ಪಾಗಿ ಕಂಡರೆ ಒಮ್ಮೆಲೇ ತಿದ್ದುವುದಕ್ಕೆ ಅವರು ಬಿಡುತ್ತಿರಲಿಲ್ಲ. ದೋಷವು ಗರಿಯದೋ, ಲಿಪಿಕಾರನದೋ, ಓದುವ ನಮ್ಮ ಕಣ್ಣಿನದೋ ಎಂಬುದನ್ನು ಒಂದೊಂದಾಗಿ ವಿಚಾರಿಸಬೇಕು. ಒಂದು ಸಲಕ್ಕೆ ಒಂದನ್ನೇ ಬದಲಿಸಿ ನೋಡಬೇಕು. ಹತ್ತನ್ನು ಒಟ್ಟಿಗೆ ಬದಲಿಸಿದರೆ ಸರಿಹೋದರೂ ಕಾರಣ ತಿಳಿಯದು, ಕೆಟ್ಟರೂ ತಿಳಿಯದು. ಅಳಿಯನು ಹೇಳಿದ ಕ್ರಮವೂ ಇದೇ ಆಗಿತ್ತೆಂಬುದನ್ನು ಕಂಡು ನಮಗೆ ಸೋಜಿಗವೆನಿಸಿತು.

ಮೊದಲು ಪೆನ್‌ಡ್ರೈವನ್ನೇ ವಿಚಾರಿಸಿದೆವು. ತೆರೆದು ನೋಡಲು ಅದರಲ್ಲಿ ಐ.ಎಸ್.ಓ. ಎಂಬ ಬಾಲವುಳ್ಳ ಒಂದೇ ಒಂದು ದೊಡ್ಡ ಕಡತವಿದ್ದಿತು. ಅಳಿಯನು ನಕ್ಕನು. ಆ ಕಡತವೆಂದರೆ ದಾರ ಬಿಗಿದು ಬಟ್ಟೆ ಸುತ್ತಿದ ಓಲೆಗರಿಯ ಕಟ್ಟಿನಂತೆ. ಕಟ್ಟನ್ನು ಹಾಗೆಯೇ ಕಪಾಟಿನಲ್ಲಿಟ್ಟರೆ ಓದಲು ಬಾರದು. ಬಿಚ್ಚಿ, ಗರಿಗಳನ್ನು ಕ್ರಮವಾಗಿ ಜೋಡಿಸಬೇಕು. ಅಂಗಡಿಯ ಹುಡುಗನು ಅದನ್ನು ಬಿಚ್ಚದೆ ಬರಿದೆ ನಕಲು ಮಾಡಿ ಕೊಟ್ಟಿದ್ದನು. ಮಾರನೆಯ ದಿನ ಮತ್ತೆ ಅಂಗಡಿಗೆ ಹೋಗಿ ಬಿಚ್ಚಿಸಿಕೊಂಡು ಬಂದೆವು.

ಆದರೂ ಯಂತ್ರವು ಅದರ ಕಡೆಗೆ ಕಣ್ಣೆತ್ತಿಯೂ ನೋಡಲಿಲ್ಲ. ಇಲ್ಲಿ ವಾಚಕರಿಗೆ ಒಂದು ಸಂಗತಿಯನ್ನು ವಿವರಿಸಬೇಕು. ಗುಂಡಿ ಒತ್ತಿದೊಡನೆ ಮೊದಲು ಎಚ್ಚರಗೊಳ್ಳುವುದು ವಿಂಡೋಸ್ ಅಲ್ಲ. ಮದರ್‌ಬೋರ್ಡಿನ ಚಿಪ್ಪೊಂದರಲ್ಲಿ ನೆಲೆಸಿರುವ ಕಿರಿಯ ತಂತ್ರಾಂಶ. 1981ರ ಐ.ಬಿ.ಎಂ. ಪಿ.ಸಿ.ಯಲ್ಲಿದ್ದುದರ ಹೆಸರು ಬಯಾಸ್. 2005ರಲ್ಲಿ ಹಲವು ಕಂಪನಿಗಳು ಕೂಡಿ ವೇದಿಕೆಯೊಂದನ್ನು ಕಟ್ಟಿಕೊಂಡ ತರುವಾಯ ಯು.ಇ.ಎಫ್.ಐ. ಎಂಬ ಹೊಸ ಪದ್ಧತಿಯು ಕ್ರಮೇಣ ಅದರ ಸ್ಥಾನಕ್ಕೆ ಬಂದಿತು. ಜನ ಇದನ್ನೂ ಬಯಾಸ್ ಎಂದೇ ಕರೆಯುತ್ತಾರೆ. ಇದು ಮನೆಯ ದ್ವಾರಪಾಲಕನಿದ್ದಂತೆ. ಯಾವ ಬಾಗಿಲಿನಿಂದ ಯಾರನ್ನು ಮೊದಲು ಒಳಬಿಡಬೇಕೆಂಬ ಸರದಿಯ ಪಟ್ಟಿ ಅದರ ಬಳಿ ಇರುತ್ತದೆ. ಸಾಮಾನ್ಯವಾಗಿ ಆ ಪಟ್ಟಿಯಲ್ಲಿ ಒಳಗಿನ ಡಿಸ್ಕೇ ಮೊದಲು. ಪೆನ್‌ಡ್ರೈವನ್ನು ಮೊದಲು ನೋಡಬೇಕಾದರೆ, ಯಂತ್ರ ಏಳುವ ಕ್ಷಣದಲ್ಲಿ ನಿಯತವಾದ ಗುಂಡಿಯೊಂದನ್ನು ಒತ್ತಿ ಬೂಟ್ ಮೆನುವನ್ನು ಕರೆಯಬೇಕು. ಕೆಲವು ಕಂಪನಿಗಳಲ್ಲಿ ಅದು ಎಫ್12, ಕೆಲವುಗಳಲ್ಲಿ ಎಫ್9, ಇನ್ನು ಕೆಲವುಗಳಲ್ಲಿ ಎಸ್ಕೇಪ್.

ಇದರಲ್ಲಿಯೂ ಒಂದು ಮರ್ಮವಿದೆ. ವಿಂಡೋಸ್‌ನಲ್ಲಿ ಫಾಸ್ಟ್ ಸ್ಟಾರ್ಟಪ್ ಎಂಬ ಏರ್ಪಾಡು ಇದ್ದರೆ, 'ಶಟ್‌ಡೌನ್' ಎಂದಾಗ ಯಂತ್ರವು ಪೂರ್ಣ ಮಲಗುವುದಿಲ್ಲ; ತನ್ನ ಸ್ಥಿತಿಯ ಒಂದು ಭಾಗವನ್ನು ಡಿಸ್ಕಿನಲ್ಲಿ ಬರೆದಿಟ್ಟುಕೊಂಡು ಮರುದಿನ ಅಲ್ಲಿಂದಲೇ ಏಳುತ್ತದೆ. 'ರೀಸ್ಟಾರ್ಟ್' ಎಂದರೆ ಮಾತ್ರ ಮೊದಲಿನಿಂದ ಏಳುತ್ತದೆ. ಶಿಫ್ಟ್ ಗುಂಡಿಯನ್ನು ಹಿಡಿದುಕೊಂಡು ರೀಸ್ಟಾರ್ಟ್ ಆರಿಸಿದರೆ, ಯಾವ ಸಾಧನದಿಂದ ಏಳಬೇಕೆಂದು ಕೇಳುವ ನೀಲಿ ಪುಟವೂ ದೊರೆಯುತ್ತದೆ. ನಾವು ಹಾಗೆಯೇ ಮಾಡಿದೆವು. ಪಟ್ಟಿ ಬಂದಿತು, ಅದರಲ್ಲಿ ಪೆನ್‌ಡ್ರೈವಿನ ಹೆಸರೇ ಇರಲಿಲ್ಲ!

ಯು.ಎಸ್.ಬಿ. ಹಬ್ಬನ್ನು ತೆಗೆದು ನೇರವಾಗಿ ಯಂತ್ರಕ್ಕೆ ಚುಚ್ಚಿದೆವು, ಇಲ್ಲ. ಆಚೆ ಬದಿಯ ಕಿಂಡಿಗೆ ಬದಲಿಸಿದೆವು, ಇಲ್ಲ. ಹಾಗಾದರೆ ಬಯಾಸ್‌ನ ಒಳಗೆ ಹೋಗಿ ಸೆಕ್ಯೂರ್ ಬೂಟ್ ಎಂಬ ಕಾವಲನ್ನು ಆರಿಸಿಬಿಡೋಣವೆಂದು ನಾವು ಉತ್ಸಾಹ ತೋರಿದಾಗ ಅಳಿಯನು ತಡೆದನು.

"ಬ್ಯಾಡ್ರಿ ಮಾಮಾ. ಡಿಸ್ಕಿಗೆ ಬಿಟ್‌ಲಾಕರ್ ಕೀಲಿ ಬಿದ್ದಿದ್ರ, ಅಲ್ಲಿ ಕೈಯಾಡಿಸಿದ ಕೂಡ್ಲೆ 48 ಅಂಕಿ ಕೇಳ್ತದ. ಅವು ನಿಮ್ಮ ಕಡೆ ಇರಲಿಲ್ಲಂದ್ರ ನಿಮ್ಮ ಮನಿಯೊಳಗ ನಿಮಗ ಪ್ರವೇಶ ಇಲ್ಲ."

ಈ ಎಚ್ಚರಿಕೆಯನ್ನು ಪ್ರತಿಯೊಬ್ಬರೂ ಗಮನದಲ್ಲಿಡಬೇಕು. ಆ 48 ಅಂಕಿಗಳ ಮರುಗಳಿಕೆಯ ಕೀಲಿಯು ಸಾಮಾನ್ಯವಾಗಿ ನಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿ ಉಳಿದಿರುತ್ತದೆ. ಮೊದಲೇ ಅದನ್ನು ಕಾಗದದ ಮೇಲೆ ಬರೆದಿಟ್ಟುಕೊಳ್ಳುವುದು ಕ್ಷೇಮ.

ಮೂರನೆಯ ದಿನ ಕಾರಣ ಹೊರಬಿದ್ದಿತು. ಪೆನ್‌ಡ್ರೈವಿನಲ್ಲಿ ಕಡತಗಳನ್ನು ಇಡುವ ಪದ್ಧತಿಗಳು ಒಂದಕ್ಕಿಂತ ಹೆಚ್ಚು. ಯು.ಇ.ಎಫ್.ಐ. ಬಲ್ಲ ಪದ್ಧತಿ ಎಫ್.ಎ.ಟಿ.32, ಎನ್.ಟಿ.ಎಫ್.ಎಸ್. ಎಂಬುದನ್ನು ಎಷ್ಟೋ ಯಂತ್ರಗಳ ಯು.ಇ.ಎಫ್.ಐ. ಓದಲಾರದು. ಆದರೆ ಎಫ್.ಎ.ಟಿ.32ರಲ್ಲಿ ಯಾವ ಕಡತವೂ 4 ಜಿ.ಬಿ.ಗಿಂತ ದೊಡ್ಡದಾಗಿರುವಂತಿಲ್ಲ. ಅಂಗಡಿಯವನ ಬಳಿಯಿದ್ದ ಐ.ಎಸ್.ಓ. ಕಡತವು ಅದಕ್ಕಿಂತ ದೊಡ್ಡದಾಗಿದ್ದುದರಿಂದ ಅವನು ಮೊದಲ ದಿನವೇ ಪೆನ್‌ಡ್ರೈವನ್ನು ಎನ್.ಟಿ.ಎಫ್.ಎಸ್.ಗೆ ಬದಲಿಸಿದ್ದನು. ಕಟ್ಟನ್ನು ಬಿಚ್ಚಿದ ಮೇಲೂ ಅದೇ ಪದ್ಧತಿ ಉಳಿದಿತ್ತು. ದ್ವಾರಪಾಲಕನಿಗೆ ತಿಳಿಯದ ಲಿಪಿಯಲ್ಲಿ ನಾವು ಓಲೆಯನ್ನು ಕಳುಹಿಸುತ್ತಿದ್ದೆವು. ಅವನು ಅದನ್ನು ಓಲೆಯೆಂದೇ ಬಗೆಯಲಿಲ್ಲ. ಯಂತ್ರದಲ್ಲಿ ದೋಷವೇ ಇರಲಿಲ್ಲ.

ಮೈಕ್ರೋಸಾಫ್ಟ್ ಸಂಸ್ಥೆಯೇ ಉಚಿತವಾಗಿ ಒದಗಿಸುವ ಮೀಡಿಯಾ ಕ್ರಿಯೇಶನ್ ಟೂಲ್ ಎಂಬ ಉಪಕರಣದಿಂದ, 8 ಜಿ.ಬಿ.ಗೆ ಕಡಿಮೆಯಿಲ್ಲದ ಪೆನ್‌ಡ್ರೈವಿನಲ್ಲಿ ಬರೆಸಿದರೆ ಈ ತೊಡಕು ಬರುವುದಿಲ್ಲ. ದೊಡ್ಡ ಕಡತವನ್ನು ಅದು 4 ಜಿ.ಬಿ.ಯೊಳಗೆ ಅಡಕಗೊಳಿಸಿರುತ್ತದೆ. ಹಾಗೆ ಬರೆಸಿ ತಂದು ಚುಚ್ಚಿದಾಗ ಪಟ್ಟಿಯಲ್ಲಿ ಹೆಸರು ಕಂಡಿತು. ಆರಿಸಿದೊಡನೆ ಅನುಸ್ಥಾಪನೆಯ ಪುಟ ತೆರೆಯಿತು. ನಮಗೆ ಯುದ್ಧ ಗೆದ್ದಷ್ಟು ಸಂತೋಷ. 'ಅಪ್‌ಗ್ರೇಡ್' ಎಂಬುದನ್ನು ಒತ್ತಿದೆವು. ಪೆನ್‌ಡ್ರೈವಿನಿಂದ ಎದ್ದಾಗ ಆ ಸೌಕರ್ಯ ಲಭ್ಯವಿಲ್ಲವೆಂಬ ಸಂದೇಶ ಬಂದಿತು.

ಅಳಿಯನು ಕ್ಷಣಕಾಲ ಯೋಚಿಸಿ, "ಇರಲಿ ಮಾಮಾ, ನಕಲು ಹೆಂಗೂ ಅದ. ಒಳಗಿನದೆಲ್ಲಾ ಅಳಿಸಿ ಹೊಸದಾಗೇ ಹಾಕಿಬಿಡೋಣು. 'ಡಿಲೀಟ್' ಒತ್ತರಿ" ಎಂದನು.

ನಮ್ಮ ಬೆರಳು ಗುಂಡಿಯ ಹತ್ತಿರ ಹೋಗಿತ್ತು. ಅಂದು ಮುಂಜಾನೆಯಷ್ಟೇ ತವರಿನಿಂದ ಮರಳಿದ್ದ ನಮ್ಮ ಮನೆಯವರು ಚಹಾ ತಂದಿಟ್ಟು, ಹಿಂದೆ ನಿಂತು ನೋಡುತ್ತಿದ್ದವರು ಮೆಲ್ಲಗೆ ಕೇಳಿದರು:

"ಏನ್ರೀ, ಅತ್ತಿಯವರು ಬರೆಸಿದ್ದೂ ಇದರಾಗೇ ಅದ ಏನ್ರೀ?"

ನಮ್ಮ ಕೈ ನಿಂತಿತು. ಒರಳು, ಒನಕೆ, ಮೊರ, ನೆಲುವು, ಬೀಸುಕಲ್ಲಿನ ಗೂಟ, ಇವುಗಳ ಸುತ್ತಣ ಮಾತುಗಳನ್ನೆಲ್ಲ ನಮಗೆ ಬರೆಸಿದವರು ನಮ್ಮ ತಾಯಿಯವರು. ಕಣ್ಣು ಮಂಜಾದ ಮೇಲೂ, ಪಡಸಾಲೆಯಲ್ಲಿ ಕುಳಿತು ಒಂದೊಂದನ್ನು ಕೈಯಿಂದ ಅಭಿನಯಿಸಿ ತೋರಿಸುತ್ತ ಹೇಳಿದ್ದರು. ಅವರು ತೀರಿಕೊಂಡು ಹಲವು ವರ್ಷಗಳಾದವು. ಆ ಚೀಟಿಗಳೂ ಗೆದ್ದಲಿನ ಪಾಲಾದವುಗಳಲ್ಲಿ ಸೇರಿದ್ದವು.

ಅಳಿಯನಿಗೆ ನಿಜವನ್ನು ಹೇಳಿದೆವು. ಅವನು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ಮಾಮಾ, ಏನೂ ಒತ್ತಬ್ಯಾಡ್ರಿ. ಬಂದ್ ಮಾಡಿ ಪೆನ್‌ಡ್ರೈವ್ ಹೊರಗ ತೆಗೀರಿ" ಎಂದಷ್ಟೇ ಹೇಳಿದನು. ಗದರಿಸಲಿಲ್ಲ. ಗದರಿಸಿದ್ದರೆ ಚೆನ್ನಾಗಿತ್ತೆಂದು ನಮಗೆ ಅನಿಸಿತು.

ಮರುದಿನ ಹೊರಗಣ ಡಿಸ್ಕು ಕೊಂಡು ಎಲ್ಲವನ್ನೂ ನಕಲು ಮಾಡಿದೆವು. ನಕಲು ಸರಿಯಾಗಿದೆಯೇ ಎಂದು ನೆರೆಮನೆಯ ಯಂತ್ರದಲ್ಲಿ ತೆರೆದು ನೋಡಿದಾಗ ಇನ್ನೊಂದು ಆಘಾತ: ಕನ್ನಡ ಅಕ್ಷರಗಳ ಬದಲಿಗೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ! ನಮ್ಮ ಹಳೆಯ ಬೆರಳಚ್ಚು ಯೂನಿಕೋಡ್‌ಗೆ ಮುಂಚಿನ ಪದ್ಧತಿಯದು; ಆ ನುಡಿ ಫಾಂಟು ಇಲ್ಲದ ಯಂತ್ರದಲ್ಲಿ ಅದು ಹಾಗೆಯೇ ಕಾಣುತ್ತದೆ. ಫಾಂಟನ್ನೂ ಡಿಸ್ಕಿನಲ್ಲಿ ಹಾಕಿಟ್ಟೆವು. ನಂತರ ಪರಿವರ್ತಕ ತಂತ್ರಾಂಶದಿಂದ ಯೂನಿಕೋಡ್‌ಗೆ ತಿರುಗಿಸಿ, ಒತ್ತಕ್ಷರಗಳು ತಪ್ಪಿದಲ್ಲಿ ತಿದ್ದುವ ಕೆಲಸವನ್ನು ಆರಂಭಿಸಿದ್ದೇವೆ. ಇನ್ನೊಂದು ಪ್ರತಿ ಬೆಂಗಳೂರಿನಲ್ಲಿ ಅಳಿಯನ ಬಳಿ ಇದೆ.

ಇದೆಲ್ಲ ಮುಗಿದ ಬಳಿಕ, ಯಂತ್ರವನ್ನು ಎಂದಿನಂತೆ ವಿಂಡೋಸ್ 10ರಲ್ಲಿ ತೆರೆದು, ಅದೇ ಪೆನ್‌ಡ್ರೈವಿನೊಳಗಿನ ಸೆಟಪ್ ಕಡತವನ್ನು ಒತ್ತಿದೆವು. ಕಡತಗಳನ್ನು ಉಳಿಸಿಕೊಳ್ಳಬೇಕೇ ಎಂದು ಅದು ಕೇಳಿತು, ಹೌದೆಂದೆವು. ಎರಡು ಗಂಟೆಗಳಲ್ಲಿ ವಿಂಡೋಸ್ 11 ಬಂದಿತು, ಒಂದು ಮಾತೂ ಕಳೆಯಲಿಲ್ಲ. ಮೂರು ದಿನ ನಾವು ಪಟ್ಟ ಪಾಡಿನ ಅಗತ್ಯವೇ ಇರಲಿಲ್ಲ. ಒಳಗಿನದನ್ನು ಉಳಿಸಿಕೊಂಡು ಮೇಲ್ದರ್ಜೆಗೇರಿಸಲು ಪೆನ್‌ಡ್ರೈವಿನಿಂದ ಏಳಿಸಬೇಕಾಗಿಯೇ ಇಲ್ಲ!

ಆದರೆ ಆ ಮೂರು ದಿನ ವ್ಯರ್ಥವೆಂದು ನಾವು ಹೇಳಲಾರೆವು. ಮೊದಲ ಸಂಜೆಯೇ ಯಂತ್ರವು ಪೆನ್‌ಡ್ರೈವನ್ನು ಒಪ್ಪಿಕೊಂಡಿದ್ದರೆ ಮನೆಯಲ್ಲಿ ಕೇಳುವವರಿರಲಿಲ್ಲ. ನಾವು ಆ ಗುಂಡಿಯನ್ನು ಖಂಡಿತವಾಗಿ ಒತ್ತಿಬಿಡುತ್ತಿದ್ದೆವು. ಹಟಮಾರಿಯೆಂದು ನಾವು ಬೈದ ಯಂತ್ರವೇ ನಮ್ಮ ತಾಯಿಯವರ ಮಾತುಗಳನ್ನು ಮೂರು ದಿನ ಕಾಯ್ದುಕೊಂಡಿತು.

ಪಾಠಶಾಲೆಯಲ್ಲಿ ಗುರುಗಳು ಓಲೆಕಟ್ಟನ್ನು ಬಿಚ್ಚುವ ಮೊದಲು ಗರಿಗಳನ್ನು ಎಣಿಸಿ ಬರೆದುಕೊಳ್ಳಿರೆಂದು ಹೇಳುತ್ತಿದ್ದರು; ಕಟ್ಟುವಾಗ ಮತ್ತೆ ಎಣಿಸಬೇಕು. ಎಣಿಸದೆಯೇ ಎಣಿಸಿದೆನೆಂದು ಹೇಳಿದ ಹುಡುಗನಿಗೆ ಅಂದು ಕಟ್ಟು ಮುಟ್ಟುವ ಅವಕಾಶವಿರುತ್ತಿರಲಿಲ್ಲ. ಓದಿದವರ ಮನೆಗಳಲ್ಲಿ ಇಂದು ಮದುವೆಯ ಭಾವಚಿತ್ರಗಳು, ಹೊಲದ ಕಾಗದಗಳು, ಮಕ್ಕಳ ಅಂಕಪಟ್ಟಿಗಳು ಎಲ್ಲವೂ ಒಂದೇ ಯಂತ್ರದಲ್ಲಿರುತ್ತವೆ. ಅದನ್ನು ಬಿಚ್ಚುವ ಮೊದಲು ಯಾರಾದರೂ ನಕಲು ತೆಗೆದಿರಾ ಎಂದು ಕೇಳಿದರೆ, ವಾಚಕರು ನಮ್ಮಂತೆ ಹೂಂಗುಟ್ಟದೆ, ಎದ್ದುಹೋಗಿ ತೆಗೆದುಬಂದು ಆಮೇಲೆ ಉತ್ತರ ಕೊಡಲೆಂಬುದು ನಮ್ಮ ಅರಿಕೆ.