ಅಂಕದ ಹಾಳೆ

ಆಗಸ್ಟ್ 5, ಮಂಗಳವಾರ

ಪ್ರತಿಭಾ ಕಾರಂಜಿಯ ಸುತ್ತೋಲೆ ಬಂತು. ಜನಪದ ನೃತ್ಯಕ್ಕೆ ಗುಂಪಿಗೆ ಆರೇ ಮಂದಿ. ನಮ್ಮಲ್ಲಿ ಲಂಬಾಣಿ ಕುಣಿತಕ್ಕೆ ಹೆಸರು ಕೊಟ್ಟವರು ಒಂಬತ್ತು ಹುಡುಗಿಯರು. ಎಲ್ಲರೂ ತಾಂಡಾದವರು, ನಡೆಯಲು ಕಲಿತಾಗಿನಿಂದ ಕುಣಿದವರು. ಮೂವರನ್ನು ಬಿಡಬೇಕು. "ನೀವೇ ಆರಿಸ್ರಿ ಮೇಡಂ, ನನಗ ಕುಣಿತದ್ದು ತಿಳಿಯಂಗಿಲ್ಲ" ಎಂದು ಹೆಡ್‌ಮಾಸ್ತರರು ಬಿಸಿಯೂಟದ ಲೆಕ್ಕ ನೋಡಲು ಹೋದರು.

ಇನ್ನೊಂದು ತೊಡಕು ಯಾಡಿಯದು. ಕ್ಲಸ್ಟರ್‌ನಲ್ಲಿ ನಮಗೆ ಎದುರಾಳಿ ಎಂದರೆ ಚಂದ್ರಂಪಳ್ಳಿ ಕೆರೆಯಾಚೆಯ ತಾಂಡಾ ಶಾಲೆ. ಅವರಿಗೂ ನಮಗೂ ಹಾಡು, ಹೆಜ್ಜೆ ಕಲಿಸುವವಳು ಒಬ್ಬಳೇ, ಈ ಯಾಡಿ. ಎಪ್ಪತ್ತು ದಾಟಿದ ಮುದುಕಿ, ಬೆಳಿಗ್ಗೆ ಅಲ್ಲಿ ಕಲಿಸಿ ಮಧ್ಯಾಹ್ನ ಇಲ್ಲಿಗೆ ಬರುತ್ತಾಳೆ. ಹೋದ ವರ್ಷ ಅವರು ಗೆದ್ದಾಗ ನಮ್ಮ ಪಾಲಕರಲ್ಲಿ ಕೆಲವರು, ಒಳ್ಳೆಯ ಹಾಡು ಆ ಮಕ್ಕಳಿಗೆ ಕೊಟ್ಟು ಉಳಿದದ್ದು ನಮಗೆ ಕೊಟ್ಟಳು ಎಂದು ಆಡಿಕೊಂಡಿದ್ದರು. ಅದು ಆಕೆಯ ಕಿವಿಗೂ ಬಿದ್ದಿತ್ತು. ಈ ಸಲ ಬರುತ್ತಾಳೋ ಇಲ್ಲವೋ ಎಂಬ ದಿಗಿಲಿತ್ತು. ಬಂದಳು.

ಆಗಸ್ಟ್ 9, ಶನಿವಾರ. ನೂಲ ಹುಣ್ಣಿಮೆ

ಬೆಳಗಿನಿಂದ ಜಿಟಿಜಿಟಿ ಮಳೆ. ವರಾಂಡದ ಶಹಾಬಾದ್ ಪರ್ಸಿ ಮೇಲೆ ನೀರು ಬಿದ್ದರೆ ಕಾಲು ನಿಲ್ಲುವುದಿಲ್ಲ, ಅದಕ್ಕೇ ಅಭ್ಯಾಸ ನಿಲ್ಲಿಸಿ ಮಕ್ಕಳನ್ನು ತರಗತಿಯಲ್ಲೇ ಕೂರಿಸಿದೆ. ಆಗ ವಿಜ್ಞಾನದ ಸರ್ ಮೊಬೈಲಿನಲ್ಲಿ ಇಳಿಸಿಕೊಂಡಿದ್ದ ಒಂದು ವಿಡಿಯೊ ತೋರಿಸಿದರು. 2010ರ ವ್ಯಾಂಕೂವರ್ ಚಳಿಗಾಲದ ಒಲಿಂಪಿಕ್ಸ್, ಐಸ್ ಡ್ಯಾನ್ಸ್. ಅಮೆರಿಕದ ಮೆರಿಲ್ ಡೇವಿಸ್, ಚಾರ್ಲಿ ವೈಟ್ ಜೋಡಿ. ಆ ವರ್ಷ ಒಂದು ಸುತ್ತಿಗೆ ಯಾವುದಾದರೂ ನಾಡಿನ ಜನಪದ ನೃತ್ಯವೇ ವಿಷಯ. ಇವರು ಆರಿಸಿಕೊಂಡದ್ದು ಹಿಂದಿ ಸಿನಿಮಾ ಹಾಡುಗಳನ್ನು. 'ಕಜರಾ ರೇ' ಶುರುವಾಗುತ್ತಲೇ ಹುಡುಗಿಯರು ಕಿರುಚಿದರು. 'ಡೋಲಾ ರೇ' ಬಂದಾಗ ಬೆಂಚಿನ ಮೇಲೇ ಕೈ ತಾಳ ಹಾಕಿದರು.

ಯಾಡಿ ಕನ್ನಡಕ ಸರಿಮಾಡಿಕೊಂಡು ಪೂರ್ತಿ ನೋಡಿದಳು. "ಕಾಲಾಗ ಗೆಜ್ಜಿ ಇಲ್ಲ. ತಾಳ ಎಲ್ಲಿಂದ ಕೇಳಬೇಕು? ಆದರ ಆಕಿ ಕೈ ಕಲ್ತಾಳ ನೋಡು" ಎಂದಳು. ಮತ್ತೊಮ್ಮೆ ಹಾಕಲು ಹೇಳಿದಳು.

ಇವತ್ತು ತಾಂಡಾದಲ್ಲಿ ತೀಜ್ ಹಬ್ಬಕ್ಕೆ ಬುಟ್ಟಿಗಳಲ್ಲಿ ಗೋಧಿ ಬಿತ್ತಿದ್ದಾರೆ. ಸಂಜೆಗೆ ಒಂಬತ್ತೂ ಹುಡುಗಿಯರು ಅಲ್ಲೇ ಕುಣಿಯುತ್ತಾರೆ, ಮೊಳಕೆಗೆ ನೀರು ಹನಿಸುತ್ತಾ. ಅಲ್ಲಿ ಆರು ಮಂದಿ ಎಂಬ ಲೆಕ್ಕವಿಲ್ಲ.

ಆಗಸ್ಟ್ 10, ಭಾನುವಾರ

ಡ್ಯಾಂ ಏರಿಯ ಮೇಲೆ ಸಿಗ್ನಲ್ ಚೆನ್ನಾಗಿ ಸಿಗುತ್ತದೆ. ಮಳೆ ಬಿಟ್ಟಿದ್ದರಿಂದ ಸಂಜೆ ಅಲ್ಲಿಗೆ ಹೋಗಿ ಆ ಜೋಡಿಯ ಬಗ್ಗೆ ಓದುತ್ತಾ ಕುಳಿತೆ. ಆಚೆ ದಡದ ಅಭಯಾರಣ್ಯದ ಮರಗಳೆಲ್ಲ ತೊಳೆದು ಒರೆಸಿಟ್ಟ ಹಾಗಿದ್ದವು.

ಐಸ್ ಡ್ಯಾನ್ಸ್‌ನಲ್ಲಿ ಸಂಗಾತಿಯನ್ನು ಗಾಳಿಗೆ ಎಸೆಯುವಂತಿಲ್ಲ, ತಲೆಯ ಮೇಲಕ್ಕೆ ಎತ್ತಿಹಿಡಿಯುವಂತಿಲ್ಲ. ಇಬ್ಬರ ಹೆಜ್ಜೆ, ನಡುವಿನ ಅಂತರ, ತಾಳ, ಇವೇ ಮುಖ್ಯ. ಬಿದ್ದರೆ ಯಾರಿಗೂ ಕಾಣುತ್ತದೆ. ಬೀಳದೆ ಎರಡು ಜೋಡಿಯೂ ಚೆನ್ನಾಗಿ ಕುಣಿದರೆ ಯಾರು ಮೇಲು? ಅದಕ್ಕೇ ಈ ಆಟದಲ್ಲಿ ತೀರ್ಪಿನ ಜಗಳ ಹೆಚ್ಚು.

ನನ್ನನ್ನು ಹಿಡಿದು ನಿಲ್ಲಿಸಿದ್ದು ಬೇರೆಯೇ ಸಂಗತಿ. ವ್ಯಾಂಕೂವರ್‌ನಲ್ಲಿ ಡೇವಿಸ್ ಮತ್ತು ವೈಟ್‌ಗೆ ಬೆಳ್ಳಿ. ಚಿನ್ನ ಗೆದ್ದವರು ಕೆನಡಾದ ಟೆಸ್ಸಾ ವರ್ಚು ಮತ್ತು ಸ್ಕಾಟ್ ಮೊಯಿರ್. ಎರಡೂ ಜೋಡಿ ಕಲಿಯುತ್ತಿದ್ದುದು ಅಮೆರಿಕದ ಮಿಶಿಗನ್ ರಾಜ್ಯದ ಕ್ಯಾಂಟನ್ ಊರಿನ ಒಂದೇ ಐಸ್ ಅಂಗಳದಲ್ಲಿ, ಮರೀನಾ ಜುಯೆವಾ ಮತ್ತು ಇಗೋರ್ ಶ್ಪಿಲ್ಬಾಂಡ್ ಎಂಬ ಅದೇ ಗುರುಗಳ ಕೈಯಲ್ಲಿ. ನಾಲ್ಕು ವರ್ಷದ ಮೇಲೆ ಸೋಚಿಯಲ್ಲಿ ತಿರುವು ಮುರುವಾಯಿತು: ಡೇವಿಸ್–ವೈಟ್‌ಗೆ ಚಿನ್ನ, ವರ್ಚು–ಮೊಯಿರ್‌ಗೆ ಬೆಳ್ಳಿ. ಎರಡೂ ಜೋಡಿ ಕೂಡಿದ್ದು 1997ರಲ್ಲಿ, ನಮ್ಮ ಶಾಲೆಯ ಮಕ್ಕಳಿಗಿಂತ ಚಿಕ್ಕ ವಯಸ್ಸಿಗೆ. ವರ್ಚುಗೆ ಏಳು ವರ್ಷ, ಮೊಯಿರ್‌ಗೆ ಒಂಬತ್ತು. ಒಬ್ಬರನ್ನೊಬ್ಬರು ದಿನವೂ ನೋಡುತ್ತಾ, ಒಬ್ಬರಿಂದೊಬ್ಬರು ಕಲಿಯುತ್ತಾ ಎರಡೂ ಜೋಡಿ ಜಗತ್ತಿನ ಮೊದಲೆರಡು ಸ್ಥಾನಕ್ಕೆ ಏರಿದವು.

ನಾಳೆ ಯಾಡಿಗೆ ಇದನ್ನು ಹೇಳಬೇಕು. ಆಡಿಕೊಂಡ ಪಾಲಕರಿಗೂ ಹೇಳಬೇಕು.

ಆಗಸ್ಟ್ 14, ಗುರುವಾರ

ಆರು ಮಂದಿಯನ್ನು ಆರಿಸಿದೆವು. ಏನು ನೋಡುತ್ತೇವೆ ಎಂಬುದನ್ನು ಮೊದಲೇ ಹಲಗೆಯ ಮೇಲೆ ಬರೆದೆ: ಚಪ್ಪಾಳೆ ತಾಳಕ್ಕೆ ಬೀಳಬೇಕು, ಬಾಗಿ ತಿರುಗುವಾಗ ಸಾಲು ಒಡೆಯಬಾರದು, ಕುಣಿಯುತ್ತಲೇ ಹಾಡಬೇಕು. ಯಾಡಿ ಬಾಯಿಂದ ಹೇಳಿದ್ದನ್ನು ವಿಜ್ಞಾನದ ಸರ್ ಬರೆದುಕೊಂಡರು. ನನ್ನದನ್ನು ನಾನು ಬರೆದೆ. ಎರಡೂ ಹಾಳೆಗಳನ್ನು ಗೋಡೆಗೆ ಅಂಟಿಸಿದೆವು.

ಹೊರಗಿನ ಉದಾಹರಣೆ ಕಣ್ಣ ಮುಂದಿತ್ತು. ಐಸ್ ಡ್ಯಾನ್ಸ್‌ನ ವಿಶ್ವ ಚಾಂಪಿಯನ್‌ಷಿಪ್‌ಗೆ ಒಂದು ದೇಶದಿಂದ ಎಷ್ಟು ಜೋಡಿ ಹೋಗಬಹುದು ಎಂಬುದು ಹಿಂದಿನ ವರ್ಷದ ಸ್ಥಾನಗಳ ಮೇಲೆ ನಿಂತಿದೆ. ಮೇಲಿನ ಎರಡು ಜೋಡಿಗಳ ಸ್ಥಾನ ಕೂಡಿದರೆ 13ರ ಒಳಗಿರಬೇಕು, ಆಗ ಮೂರು ಜೋಡಿಗೆ ಅವಕಾಶ. 28ರ ಒಳಗಿದ್ದರೆ ಎರಡು. ಲೆಕ್ಕ ಎಲ್ಲರಿಗೂ ಮೊದಲೇ ಗೊತ್ತು. ಆ ಎರಡೋ ಮೂರೋ ಜಾಗಕ್ಕೆ ಯಾರು ಎಂದು ದೇಶದೊಳಗೆ ಆರಿಸುವಾಗ ಮನಸ್ತಾಪ ಇದ್ದೇ ಇರುತ್ತದೆ. ಆದರೆ ಜಾಗ ಎಷ್ಟು, ಯಾಕೆ ಅಷ್ಟು ಎಂಬುದರಲ್ಲಿ ಗುಟ್ಟಿಲ್ಲ.

ಸಂಜೆ ಬಿಟ್ಟುಹೋದ ಹುಡುಗಿಯೊಬ್ಬಳ ತಾಯಿ ಹೊಲದಿಂದ ನೇರ ಬಂದಳು. ಕೈಯೆಲ್ಲ ಹೆಸರುಕಾಯಿ ಬಿಡಿಸಿದ ಕರೆ. "ನಮ್ಮಾಕಿ ಯಾಕಿಲ್ರಿ ಅಕ್ಕೋರ?" ಗೋಡೆಯ ಹಾಳೆ ತೋರಿಸಿ ಓದಿ ಹೇಳಿದೆ: ಹೆಜ್ಜೆ ಎಲ್ಲರಿಗಿಂತ ಚೆಂದ, ಕುಣಿಯುವಾಗ ಉಸಿರು ಸಾಲದೆ ಹಾಡು ನಿಲ್ಲುತ್ತದೆ. ಯಾಡಿಯ ಹಾಳೆಯಲ್ಲೂ ಅದೇ ಇತ್ತು. ತಾಯಿ ಸ್ವಲ್ಪ ಹೊತ್ತು ಸುಮ್ಮನೆ ನಿಂತು, "ಹಾಂಗಾರ ಮುಂದಿನ ವರ್ಷಕ್ಕ ಹಾಡು ಕಲಸ್ರಿ" ಎಂದು ಹೋದಳು.

ಆಗಸ್ಟ್ 22, ಶುಕ್ರವಾರ

ಕ್ಲಸ್ಟರ್ ಮಟ್ಟ ಮುಗಿಯಿತು. ತಾಂಡಾ ಶಾಲೆಗೆ ಪ್ರಥಮ, ನಮಗೆ ದ್ವಿತೀಯ.

ನಡುವೆ ಒಂದು ಘಟನೆ. ಮೂರನೇ ಸುತ್ತಿನಲ್ಲಿ ಬಾಗಿ ತಿರುಗುವಾಗ ನಮ್ಮ ಕೊನೆಯ ಹುಡುಗಿಯ ಫೇಟಿಯಾದ, ಅಂದರೆ ಲಂಗದ, ಲಾಡಿ ಸಡಿಲಾಯಿತು. ಕನ್ನಡಿ, ಕವಡೆ ಹೊಲಿದ ಫೇಟಿಯಾ ಮೊದಲೇ ಭಾರ, ಜಾರತೊಡಗಿತು. ಹುಡುಗಿ ಎಡಗೈಯಲ್ಲಿ ಸೊಂಟದ ಬಳಿ ಅದನ್ನು ಗಟ್ಟಿಯಾಗಿ ಹಿಡಿದು, ಚಪ್ಪಾಳೆಯ ಜಾಗದಲ್ಲಿ ಬಲಗೈಯಿಂದ ತೊಡೆ ತಟ್ಟುತ್ತಾ ಹಾಡು ಬಿಡದೆ ಕೊನೆತನಕ ಕುಣಿದಳು. ಒಂದು ತಾಳವೂ ತಪ್ಪಲಿಲ್ಲ. ನನ್ನ ಕಣ್ಣು ತುಂಬಿತು. ವೇದಿಕೆ ಇಳಿದ ಮೇಲೆ ನೋಡಿದರೆ ಅವಳ ತೊಡೆ ಕೆಂಪಗಾಗಿತ್ತು.

ಫಲಿತಾಂಶ ಓದಿದರು, ಮೂವರು ತೀರ್ಪುಗಾರರ ಹಾಳೆಗಳನ್ನು ಲಕೋಟೆಗೆ ಹಾಕಿ ಅಂಟಿಸಿದರು. ಆ ಹುಡುಗಿ ನನ್ನ ಸೀರೆಯ ಸೆರಗು ಹಿಡಿದು ಕೇಳಿದಳು: "ಅಕ್ಕೋರ, ನನ್ನ ಲಾಡಿಯಿಂದ ಎಷ್ಟು ಹೋಯ್ತ್ರೀ?" ನಾನು ಹೋಗಿ ತೀರ್ಪುಗಾರರಲ್ಲಿ ಒಬ್ಬರನ್ನು ಕೇಳಿದೆ. "ಅದನ್ನೆಲ್ಲ ಹೇಳಂಗಿಲ್ಲ ಮೇಡಂ" ಅಂದರು. ಹೇಳಬಾರದು ಎಂದು ಯಾವ ನಿಯಮದಲ್ಲಿದೆ ಎಂದು ಕೇಳಿದ್ದಕ್ಕೆ ಉತ್ತರ ಬರಲಿಲ್ಲ.

ವಾಪಸ್ ಬರುವಾಗ ಟಂಟಂನಲ್ಲಿ ಮಾತು ಶುರು. ಯಾರಿಗೋ ಫೋನು ಬಂದಿತ್ತಂತೆ. ಯಾಡಿ ಆ ಕಡೆಗೆ ಹೇಳಿಸಿದ್ದಳಂತೆ. ನಾನು ಒಂದನ್ನೂ ನಂಬುವುದಿಲ್ಲ. ತಾಂಡಾ ಶಾಲೆಯ ಹುಡುಗಿಯರು ನಿಜಕ್ಕೂ ಚೆನ್ನಾಗಿ ಕುಣಿದರು. ಆದರೆ ಸುಳ್ಳೆಂದು ತೋರಿಸಲು ನನ್ನ ಕೈಯಲ್ಲಿ ಏನಿದೆ? ಹಾಳೆ ಲಕೋಟೆಯಲ್ಲಿದೆ.

ಆಗಸ್ಟ್ 24, ಭಾನುವಾರ

ಮತ್ತೆ ಡ್ಯಾಂ ಮೇಲೆ. 2018ರ ಪ್ಯೊಂಗ್‌ಚಾಂಗ್ ಒಲಿಂಪಿಕ್ಸ್ ಬಗ್ಗೆ ಓದಿದೆ. ಫ್ರಾನ್ಸ್‌ನ ಗೇಬ್ರಿಯೆಲಾ ಪಾಪದಾಕಿಸ್ ಕುಣಿತ ಶುರುವಾದ ಸ್ವಲ್ಪದರಲ್ಲೇ ಅವಳ ಉಡುಪಿನ ಕುತ್ತಿಗೆಯ ಕೊಂಡಿ ಕಳಚಿತು. ಜಗತ್ತು ನೋಡುತ್ತಿತ್ತು, ಆದರೂ ನಿಲ್ಲಿಸಲಿಲ್ಲ. ಮರುದಿನದ ಸುತ್ತಿನಲ್ಲಿ ಅವಳೂ ಸಂಗಾತಿ ಗಿಯೋಮ್ ಸಿಜೆರಾನ್‌ನೂ ಎಲ್ಲರಿಗಿಂತ ಹೆಚ್ಚು ಅಂಕ ಪಡೆದರು. ಒಟ್ಟು ಲೆಕ್ಕದಲ್ಲಿ ವರ್ಚು–ಮೊಯಿರ್ 206.07, ಇವರು 205.28. ಕಡಿಮೆಯಾದದ್ದು 0.79. ಈ ಎರಡು ಜೋಡಿಗಳೂ ಆಗ ಮಾಂಟ್ರಿಯಲ್‌ನಲ್ಲಿ ಒಂದೇ ಗುರುಮನೆಯವರು. ಯಾವ ಹೆಜ್ಜೆಗೆ ಯಾವ ತೀರ್ಪುಗಾರ ಎಷ್ಟು ಕೊಟ್ಟ ಎಂಬ ಹಾಳೆ ಇವತ್ತಿಗೂ ಯಾರು ಬೇಕಾದರೂ ನೋಡಬಹುದು. ನಮ್ಮ ಹುಡುಗಿ ಕೇಳಿದ ಪ್ರಶ್ನೆಯನ್ನು ಪಾಪದಾಕಿಸ್ ಕೇಳಿದ್ದರೆ ಅವಳ ಮುಂದೆ ಹಾಳೆ ಇತ್ತು.

ಅದು ಸುಮ್ಮನೆ ಬಂದದ್ದಲ್ಲ. 1998ರ ನಗಾನೊ ಒಲಿಂಪಿಕ್ಸ್‌ನಲ್ಲಿ ಉಕ್ರೇನಿನ ತೀರ್ಪುಗಾರ ಯೂರಿ ಬಾಲ್ಕೊವ್ ಐಸ್ ಡ್ಯಾನ್ಸ್‌ನ ಸ್ಥಾನಗಳು ಹೇಗೆ ಬರುತ್ತವೆ ಎಂದು ಫೋನಿನಲ್ಲಿ ಮೊದಲೇ ಹೇಳಿದ್ದನ್ನು ಕೆನಡಾದ ತೀರ್ಪುಗಾರ್ತಿ ಜೀನ್ ಸೆಂಫ್ಟ್ ರೆಕಾರ್ಡ್ ಮಾಡಿಟ್ಟಿದ್ದರು. ಅವನಿಗೆ ಒಂದು ವರ್ಷದ ನಿಷೇಧ, ಬಯಲಿಗೆಳೆದವಳಿಗೂ ಆರು ತಿಂಗಳು. ಇದನ್ನು ಓದಿ ಮೈ ಉರಿಯಿತು. 2002ರ ಸಾಲ್ಟ್ ಲೇಕ್ ಸಿಟಿಯಲ್ಲಿ ಫ್ರೆಂಚ್ ತೀರ್ಪುಗಾರ್ತಿ ಮರೀ ರೇನ್ ಲೆ ಗೂನ್ ಮೇಲೆ ಬಂದ ಆರೋಪ ಇನ್ನೂ ದೊಡ್ಡದು: ಜೋಡಿ ಸ್ಕೇಟಿಂಗ್‌ನಲ್ಲಿ ರಷ್ಯನ್ನರಿಗೆ ಮತ, ಬದಲಿಗೆ ಐಸ್ ಡ್ಯಾನ್ಸ್‌ನಲ್ಲಿ ಫ್ರೆಂಚರಿಗೆ ಮತ. ಕೊನೆಗೆ ಕೆನಡಾದ ಜೋಡಿಗೂ ಎರಡನೇ ಚಿನ್ನ ಕೊಡಬೇಕಾಯಿತು. ಹಳೆಯ 6.0 ಅಂಕಪದ್ಧತಿ ಅಲ್ಲಿಗೆ ಮುಗಿಯಿತು. 2004ರಲ್ಲಿ ಹೊಸದು ಬಂತು. ಪ್ರತಿ ಹೆಜ್ಜೆಗೂ ಬೇರೆ ಅಂಕ, ಒಲಿಂಪಿಕ್ಸ್‌ನಂಥ ಕಡೆ ಈಗ ಒಂಬತ್ತು ತೀರ್ಪುಗಾರರು, ಅತಿ ಹೆಚ್ಚು ಮತ್ತು ಅತಿ ಕಡಿಮೆ ಅಂಕ ತೆಗೆದುಹಾಕಿ ಉಳಿದುದರ ಸರಾಸರಿ.

ಆದರೆ ಆಗ ಅಂಕ ತೋರಿಸಿ, ಅದು ಯಾರದೆಂಬುದನ್ನು ಮುಚ್ಚಿಟ್ಟರು. ಹೆಸರು ಗೊತ್ತಾಗದಿದ್ದರೆ ತೀರ್ಪುಗಾರರ ಮೇಲೆ ಒತ್ತಡ ಬರುವುದಿಲ್ಲ ಎಂಬ ವಾದ. ಅನುಮಾನ ಕಡಿಮೆಯಾಗಲಿಲ್ಲ. 2016ರಲ್ಲಿ ಆ ಮುಸುಕನ್ನೂ ತೆಗೆದರು. ಜಗಳ ಈಗಲೂ ಇದೆ, ಆದರೆ ಇಂಥವರು ಇಂಥ ಹೆಜ್ಜೆಗೆ ಇಷ್ಟು ಯಾಕೆ ಕೊಟ್ಟರು ಎಂಬ ಜಗಳ. ನಮ್ಮ ಟಂಟಂನಲ್ಲಿ ನಡೆದದ್ದು ಆ ಜಗಳವಲ್ಲ, ಒಬ್ಬ ಮುದುಕಿಯ ಹೆಸರು ಕೆಡಿಸುವ ಮಾತು. ನನಗೆ ಸಹಿಸಲಾಗದ್ದು ಇದು.

ಸೆಪ್ಟೆಂಬರ್ 2, ಮಂಗಳವಾರ

ಇನ್ನೊಂದು ಕ್ಲಸ್ಟರ್‌ನ ಜನಪದ ನೃತ್ಯಕ್ಕೆ ನನ್ನನ್ನು ತೀರ್ಪುಗಾರಳಾಗಿ ಹಾಕಿದ್ದಾರೆ. ಅಲ್ಲಿನ ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ (ಸಿಆರ್‌ಪಿ) ಫೋನ್ ಮಾಡಿದಾಗ ಒಪ್ಪಿಕೊಂಡೆ. ಫಲಿತಾಂಶ ಓದಿದ ಮೇಲೆ ಮಕ್ಕಳಿಗೆ ಅವರವರ ಅಂಕ ಹೇಳುತ್ತೇನೆ ಎಂದೂ ತಿಳಿಸಿದೆ. ಅವರು ಬಹಳ ಹೊತ್ತು ಮಾತಾಡಲಿಲ್ಲ. "ಗಲಾಟಿ ಆದ್ರ ನೀವೇ ನೋಡ್ಕೋಬೇಕು" ಅಂದರು. ಆಯಿತು ಅಂದೆ.

ಸೆಪ್ಟೆಂಬರ್ 4, ಗುರುವಾರ

ಕೋಲಾಟ, ಡೊಳ್ಳು, ಎರಡು ಲಂಬಾಣಿ ತಂಡ. ಜೊತೆಯ ತೀರ್ಪುಗಾರರಲ್ಲಿ ಒಬ್ಬರು ಹಾಳೆ ತೋರಿಸಲು ಒಪ್ಪಿದರು. ಇನ್ನೊಬ್ಬರು ಬಸ್ಸಿದೆ ಎಂದು ಸಹಿ ಹಾಕಿ ಹೊರಟರು.

ನಾವಿಬ್ಬರೂ ಒಂದೊಂದೇ ತಂಡವನ್ನು ಬೇವಿನ ಮರದ ಕೆಳಗೆ ಕೂರಿಸಿಕೊಂಡೆವು. ಪ್ರತಿ ಅಂಕದ ಪಕ್ಕ ಕಾರಣ ಬರೆದಿದ್ದೆ, ಅದನ್ನೇ ಓದಿದೆ. ಮಕ್ಕಳು ಅಳಲಿಲ್ಲ, ಬದಲಿಗೆ ಪ್ರಶ್ನೆ ಹಾಕಿದರು. ಸೋತ ಲಂಬಾಣಿ ತಂಡದ ಒಬ್ಬಳು ಎದ್ದು ನಿಂತಳು: "ನಮ್ಮ ಅಜ್ಜಿ ಫೇಟಿಯಾ ಹಳೀದು ಅಂತ ಕಡಿಮಿ ಕೊಟ್ರೇನ್ರಿ? ಅವರದು ಬಾಡಿಗಿದು, ಮಿಂಚತಾದ." ಉಡುಪಿನ ಕಾಲಂ ತೋರಿಸಿದೆ. ಅಜ್ಜಿಯ ಕೈಹೊಲಿಗೆಗೆ ನಾನು ಹೆಚ್ಚು ಕೊಟ್ಟಿದ್ದೆ. ಜೊತೆಯವರು ಆರು ಮಂದಿಗೂ ಒಂದೇ ಬಣ್ಣ ಹೊಂದಿದ್ದಕ್ಕೆ ಬಾಡಿಗೆಯದಕ್ಕೆ ಹೆಚ್ಚು ಕೊಟ್ಟಿದ್ದರು. ಅವರೂ ತಮ್ಮ ಕಾರಣ ಹೇಳಿದರು. ನಾವಿಬ್ಬರೂ ಮಕ್ಕಳ ಮುಂದೆಯೇ ಸ್ವಲ್ಪ ವಾದ ಮಾಡಿದೆವು. ಹುಡುಗಿ ಇಬ್ಬರ ಹಾಳೆಯನ್ನೂ ಬೆರಳಿಟ್ಟು ಓದಿ, ತಾವು ಸೋತದ್ದು ಉಡುಪಿನಲ್ಲಲ್ಲ, ತಿರುಗುವಾಗ ಸಾಲು ಒಡೆದದ್ದಕ್ಕೆ ಎಂದು ತಾನೇ ಕಂಡುಕೊಂಡಳು. ಗೆಳತಿಯರನ್ನು ಕರೆದು ಅಲ್ಲೇ ಆ ತಿರುವನ್ನು ಮಾಡಿ ನೋಡತೊಡಗಿದರು.

ಗಲಾಟೆ ಆಗಲಿಲ್ಲ. ಒಂದು ಶಾಲೆಯ ಶಿಕ್ಷಕರು ಮಾತ್ರ ಮುಖ ಗಂಟಿಕ್ಕಿಕೊಂಡು ಹೋದರು.

ಸೆಪ್ಟೆಂಬರ್ 8, ಸೋಮವಾರ

ಮುಂದಿನ ಶಿಕ್ಷಕರ ಸಭೆಗೆ ಮನವಿ ಬರೆದಿಟ್ಟಿದ್ದೇನೆ. ಅಂಕದ ಹಾಳೆಯ ನಕಲು ಪ್ರತಿ ತಂಡಕ್ಕೂ ಸಿಗಲಿ, ಅದರಲ್ಲಿ ತೀರ್ಪುಗಾರರ ಹೆಸರಿರಲಿ, ಒಂದೊಂದು ಸಾಲಿನ ಕಾರಣವಿರಲಿ. ವಿಜ್ಞಾನದ ಸರ್ ಸಹಿ ಹಾಕಿದರು. ಸಂತೋಷದ ವಿಷಯ ಎಂದರೆ ತಾಂಡಾ ಶಾಲೆಯ ಮೇಡಂ ಕೂಡ ಹಾಕಿದರು. ಗೆದ್ದವರ ಸಹಿ ಇದ್ದರೆ ಇದು ಸೋತವರ ದೂರು ಎಂದು ಯಾರೂ ತಳ್ಳಿಹಾಕಲಾರರು.

ಮಧ್ಯಾಹ್ನ ಯಾಡಿ ಬಂದಳು. ನಾನು ತೀರ್ಪು ಕೊಟ್ಟ ಊರಿನ ಲಂಬಾಣಿ ತಂಡಗಳು ಯಾವ ಹಾಡು ಹಾಡಿದವು, ಹಾಡಿಗೆ ಎಷ್ಟು ಕೊಟ್ಟೆ ಎಂದು ಕೇಳಿದಳು. ಹೇಳಿದೆ. ಹಾಡನ್ನು ನನ್ನ ಬಾಯಲ್ಲಿ ಒಮ್ಮೆ ಹೇಳಿಸಿ ಕೇಳಿಸಿಕೊಂಡಳು. "ಭಾಳ ಕಡಿಮಿ ಕೊಟ್ಟೀಯವ್ವ, ಅದು ನನ್ನ ತವರಿನ ಕಡೀ ಹಾಡು, ಅದರ ಎಳತ ಹಾಂಗೇ ಇರ್ತದ" ಎಂದು ವರಾಂಡದಲ್ಲಿ ಕುಳಿತು ನನ್ನ ಜೊತೆ ವಾದಕ್ಕಿಳಿದಳು. ನಾನೂ ಬಿಡಲಿಲ್ಲ. ಹುಡುಗಿಯರು ಸುತ್ತ ನೆರೆದು, ಅರ್ಧ ಮಂದಿ ಆಕೆಯ ಕಡೆ, ಅರ್ಧ ಮಂದಿ ನನ್ನ ಕಡೆ ಸೇರಿಕೊಂಡರು.