ದಿರ್ಹಮಿಗೆ ಎರಡು ರೂಪಾಯಿ ಇದ್ದ ಕಾಲ

ಕರಾವಳಿಯ ಹಳೆಯ ತಲೆಗಳಿಗೆ ಇಸವಿ ನೆನಪಿರುವುದಿಲ್ಲ, ರೇಟ್ ನೆನಪಿರುತ್ತದೆ. ಮನೆಗೆ ಪಂಚಾಂಗ ಹಾಕಿದ್ದು ಯಾವಾಗ ಎಂದು ಕೇಳಿ ನೋಡಿ, ‘ದಿರ್ಹಮಿಗೆ ಎಂಟೂವರೆ ಇತ್ತು’ ಎನ್ನುತ್ತಾರೆ. ಅಂದರೆ 1993. ತಂಗಿಯ ಮದುವೆ ನಾಲ್ಕೂಮುಕ್ಕಾಲಿನಲ್ಲಿ ಆಗಿರುತ್ತದೆ, ಅದು 1990ರ ಆಸುಪಾಸು. ಬಾವಿ ತೋಡಿಸಿದ್ದು ಎರಡು ರೂಪಾಯಿ ಚಿಲ್ಲರೆ ಇದ್ದಾಗ ಎಂದರೆ ಇನ್ನೂ ಹತ್ತು ವರ್ಷ ಹಿಂದೆ ಹೋಗಬೇಕು. ಮಂಗಳೂರು, ಉಡುಪಿ, ಭಟ್ಕಳದ ಎಷ್ಟೋ ಮನೆಗಳಲ್ಲಿ ಕಾಲ ನಡೆದದ್ದು ಹೀಗೆ. ಈ ಲೆಕ್ಕ ಬಲ್ಲವರು ಈಗ ಒಬ್ಬೊಬ್ಬರಾಗಿ ಹೋಗುತ್ತಿದ್ದಾರೆ.

ನಮ್ಮ ದೊಡ್ಡಪ್ಪ ಆ ಪೈಕಿ. ದುಬೈಯ ಹಳೆಯ ದಿನಗಳ ಮಾತು ಬಂದರೆ ಅವರು ಹೇಳುತ್ತಿದ್ದುದು ಒಂದೇ: ‘ಆಗ ರೇಟೇ ಇರಲಿಲ್ಲ ಮಾರಾಯ, ಅಲ್ಲಿಯೂ ನಮ್ಮದೇ ರೂಪಾಯಿ.’ ಮಕ್ಕಳಾದ ನಾವು ಅದನ್ನು ಬಡಾಯಿ ಎಂದುಕೊಂಡಿದ್ದೆವು. ಬಡಾಯಿಯಲ್ಲ. ಬೊಂಬಾಯಿಯಿಂದ ‘ದ್ವಾರಕಾ’, ‘ದುಮ್ರಾ’ದಂಥ ಹಡಗುಗಳಲ್ಲಿ ಡೆಕ್ಕಿನ ಮೇಲೆ ಮಲಗಿ ಹೋದವರು ಆಚೆ ದಡದಲ್ಲಿ ಇಳಿದಾಗ ಹಣ ಬದಲಿಸುವ ಕಟಕಟೆ ಹುಡುಕಬೇಕಾಗಿರಲಿಲ್ಲ. ಕುವೈತ್, ಬಹ್ರೇನ್, ಕತಾರ್, ದುಬೈ, ಮಸ್ಕತ್ ಎಲ್ಲೆಡೆ ಓಡುತ್ತಿದ್ದುದು ಭಾರತದ ರೂಪಾಯಿ. ಅಲ್ಲಿನ ಮುದುಕರು ಇವತ್ತಿಗೂ ದಿರ್ಹಮನ್ನು ‘ರುಬ್ಬಿಯಾ’ ಎನ್ನುವುದುಂಟು.

ಈ ಸಂಸಾರ ಕೆಟ್ಟದ್ದು ಬಂಗಾರದಿಂದ. ಕೊಲ್ಲಿಯ ಬ್ಯಾಂಕುಗಳಲ್ಲಿ ಸೇರುವ ರೂಪಾಯಿಗೆ ಭಾರತ ಪೌಂಡ್ ಕೊಡಬೇಕಿತ್ತು. ಕಳ್ಳಸಾಗಣೆಯವರು ಇಲ್ಲಿಂದ ನೋಟಿನ ಕಟ್ಟುಗಳನ್ನು ಸಾಗಿಸಿ, ಅಲ್ಲಿ ಪೌಂಡ್ ಮಾಡಿ, ಚಿನ್ನ ಕೊಂಡು ಇದೇ ಪಶ್ಚಿಮ ಕರಾವಳಿಗೆ ತಂದು ಇಳಿಸುತ್ತಿದ್ದರು. ದೇಶದ ವಿದೇಶಿ ಹಣದ ಗಂಟು ಕರಗತೊಡಗಿತು. 1959ರಲ್ಲಿ ಸರ್ಕಾರ ಕೊಲ್ಲಿಗೆಂದೇ ಬೇರೆ ನೋಟು ಹೊರಡಿಸಿತು. ಚಿತ್ರ ಹೆಚ್ಚುಕಡಿಮೆ ಅದೇ, ಬಣ್ಣ ಬೇರೆ, ನಂಬರಿನ ಮುಂದೆ ‘ಝಡ್’ ಅಕ್ಷರ. ಹತ್ತರ ನೋಟು ಅಲ್ಲಿ ಕೆಂಪು, ಹಿಂದುಗಡೆ ಹಾಯಿ ಬಿಚ್ಚಿದ ಹಡಗು. ಭಾರತದೊಳಗೆ ಅದು ನಡೆಯದು, ಆದರೆ ಬೆಲೆ ಮಾತ್ರ ಒಂದಕ್ಕೆ ಒಂದು. ಹಜ್ ಯಾತ್ರಿಕರಿಗೆಂದು ಆ ಹೊತ್ತಿನಲ್ಲಿ ಪ್ರತ್ಯೇಕ ನೋಟುಗಳೂ ಬಂದವು.

ಕುವೈತ್ 1961ರಲ್ಲೇ ಹೊರಗೆ ನಡೆಯಿತು. ಹದಿಮೂರು ರೂಪಾಯಿ ಮೂವತ್ತಮೂರು ಪೈಸೆಗೆ ಒಂದು ದಿನಾರ್, ಅಂದರೆ ಸರಿಯಾಗಿ ಒಂದು ಪೌಂಡಿನ ಬೆಲೆ. ಇವತ್ತು ಆ ದಿನಾರ್ ಕೊಳ್ಳಲು 270 ರೂಪಾಯಿಯೂ ಸಾಲದು. 1965ರಲ್ಲಿ ಬಹ್ರೇನ್ ಹತ್ತು ರೂಪಾಯಿಗೊಂದು ದಿನಾರ್ ಮಾಡಿಕೊಂಡಿತು. ಉಳಿದವರು ಇನ್ನೂ ನಂಬಿಕೊಂಡಿದ್ದಾಗಲೇ 1966ರ ಜೂನ್ 6 ಬಂತು. ಡಾಲರಿಗೆ 4 ರೂಪಾಯಿ 76 ಪೈಸೆ ಇದ್ದದ್ದು ಒಂದೇ ಏಟಿಗೆ ಏಳೂವರೆ. ದೆಹಲಿಯಲ್ಲಿ ಮಾಡಿದ ತೀರ್ಮಾನಕ್ಕೆ ದುಬೈಯ ಅಂಗಡಿಯವನ ಗಲ್ಲಾಪೆಟ್ಟಿಗೆ ಹಗುರಾಯಿತು. ದುಬೈ, ಕತಾರ್ ಕೆಲಕಾಲ ಸೌದಿ ರಿಯಾಲ್ ಹಿಡಿದುಕೊಂಡು, ಆಮೇಲೆ ಇಬ್ಬರೂ ಸೇರಿ ತಮ್ಮದೇ ರಿಯಾಲ್ ತಂದವು. ಒಮಾನ್ ಮಾತ್ರ 1970ರವರೆಗೆ ರೂಪಾಯಿಯ ಕೈ ಬಿಡಲಿಲ್ಲ.

ನನಗೆ ಹೊಟ್ಟೆ ಉರಿಯುವುದು ಇಲ್ಲಿ. ಆ ಕತಾರ್-ದುಬೈ ರಿಯಾಲಿಗೆ ಇಟ್ಟ ಬೆಲೆ 0.186621 ಗ್ರಾಂ ಬಂಗಾರ. ಅದು ಅಪಮೌಲ್ಯಕ್ಕೆ ಮುಂಚಿನ ನಮ್ಮ ರೂಪಾಯಿಯ ಬೆಲೆಯೇ! 1973ರ ಮೇ ತಿಂಗಳಲ್ಲಿ ಬಂದ ಯುಎಇ ದಿರ್ಹಮ್ ಈ ರಿಯಾಲಿಗೆ ಸರಿಸಮ. ಅಂದರೆ ನಮ್ಮ ಹುಡುಗರು ದುಡಿಯಲು ಹೋದದ್ದು, ಒಂದು ರೀತಿಯಲ್ಲಿ, ನಾವು ಬಿಟ್ಟುಕೊಟ್ಟ ಹಳೆಯ ರೂಪಾಯಿಯನ್ನು ಹುಡುಕಿಕೊಂಡು.

ರೇಟ್ ಹುಟ್ಟಿದ ಮೇಲೆ ಅದರದ್ದೇ ಒಂದು ಲೋಕ ಹುಟ್ಟಿತು. ಶುಕ್ರವಾರ ಅಲ್ಲಿ ರಜೆ, ಇಲ್ಲಿ ಪಕ್ಕದ ಮನೆಯ ಫೋನಿಗೆ ಕಾಲ್. ಆರೋಗ್ಯ, ಮಳೆ, ಅಡಿಕೆ ಮುಗಿದ ಮೇಲೆ ‘ರೇಟ್ ಎಷ್ಟುಂಟು?’ ಹತ್ತು ಪೈಸೆ ಏರಲಿ ಎಂದು ಡ್ರಾಫ್ಟ್ ತೆಗೆಯದೆ ಕಾದು, ಇಪ್ಪತ್ತು ಪೈಸೆ ಇಳಿದು ಪೆಟ್ಟು ತಿಂದವರ ಕಥೆ ಪ್ರತಿ ಕೇರಿಯಲ್ಲಿ ಇತ್ತು. ರಿಜಿಸ್ಟರ್ಡ್ ಕವರಿನಲ್ಲಿ ಡಿಡಿ ಬಂದರೆ ಅತ್ತೆ ಅದನ್ನು ದೇವರ ಕೋಣೆಯಲ್ಲಿ ಇಟ್ಟು ಮರುದಿನ ಬ್ಯಾಂಕಿಗೆ ಒಯ್ಯುತ್ತಿದ್ದರು. ಹುಂಡಿಯವರ ರೇಟ್ ಬೇರೆ, ಅದನ್ನು ಮೆಲ್ಲಗೆ ಹೇಳುತ್ತಿದ್ದರು.

1990ರ ಆಗಸ್ಟ್‌ನಲ್ಲಿ ಇರಾಕ್ ಕುವೈತಿಗೆ ನುಗ್ಗಿದಾಗ ಅಮ್ಮಾನ್ ದಾರಿಯಾಗಿ ಬರಿಗೈಯಲ್ಲಿ ಬಂದವರ ಚೀಲದಲ್ಲಿ ದಿನಾರ್ ಇತ್ತು, ಅದಕ್ಕೆ ರೇಟ್ ಹೇಳುವವರೇ ಇರಲಿಲ್ಲ. ಮರುವರ್ಷ ಜುಲೈಯಲ್ಲಿ ಮೂರು ದಿನದೊಳಗೆ ಎರಡು ಬಾರಿ ರೂಪಾಯಿಯ ಬೆಲೆ ಇಳಿಸಿದರು. ದೇಶ ತಲೆತಗ್ಗಿಸಿತು, ನಮ್ಮೂರಿನಲ್ಲಿ ಅರ್ಧಕ್ಕೆ ನಿಂತ ಮನೆಗಳಿಗೆ ತಾರಸಿ ಬಿತ್ತು. 2008ರ ಆರಂಭದಲ್ಲಿ ರೂಪಾಯಿ ಗಟ್ಟಿಯಾಗಿ ದಿರ್ಹಮ್ ಹನ್ನೊಂದರ ಕೆಳಗೆ ಬಂದಾಗ ಪೇಪರಿನವರು ಸಂಭ್ರಮಿಸಿದರು, ನಮ್ಮ ಅತ್ತೆ ಸರ್ಕಾರವನ್ನು ಬೈದರು. ದೇಶಪ್ರೇಮದ ಭಾಷಣ ಮಾಡುವವರಿಗೆ ಈ ಇಬ್ಬಂದಿ ಅರ್ಥವಾಗದು. ಮಗ ಆಚೆ ದಡದಲ್ಲಿ ಇದ್ದವರಿಗೆ ಆಗುತ್ತದೆ.

ಈಗ ದಿರ್ಹಮ್ ಇಪ್ಪತ್ತೆರಡೂ ದಾಟಿ ಹೋಗಿದೆ, ಯಾರೂ ಅದರ ಸುದ್ದಿ ಎತ್ತುವುದಿಲ್ಲ. ಮೊಬೈಲಿನಲ್ಲಿ ಒತ್ತಿದರೆ ದುಡ್ಡು ಬಂದು ಬೀಳುತ್ತದೆ. ಕಳಿಸುವವರೂ ಕಡಿಮೆ, ಹುಡುಗರು ಅಲ್ಲೇ ಫ್ಲ್ಯಾಟ್ ಕೊಳ್ಳುತ್ತಿದ್ದಾರೆ. ರಜೆಗೆ ಬಂದ ದೊಡ್ಡಪ್ಪನ ಮೊಮ್ಮಗ ಮೊನ್ನೆ ಹಂಪನಕಟ್ಟೆಯಲ್ಲಿ ಅಲ್ಲಿನ ಕಾರ್ಡ್ ಉಜ್ಜಿ ಚಪ್ಪಲಿ ಕೊಂಡು ಬಂದ. ಎಷ್ಟಕ್ಕೆ ಹಿಡಿದರಂತೆ ಎಂದು ದೊಡ್ಡಪ್ಪ ಕೇಳಿದರು. ‘ಗೊತ್ತಿಲ್ಲ ಅಜ್ಜ, ಆ್ಯಪಿನಲ್ಲಿ ಬರುತ್ತದೆ.’ ದೊಡ್ಡಪ್ಪ ಅಷ್ಟರಲ್ಲಿ ರಸೀದಿ ಕಸಿದುಕೊಂಡು, ಕನ್ನಡಕ ಏರಿಸಿ, ಮೊತ್ತ ಭಾಗಿಸಿಯೂ ಆಗಿತ್ತು: ‘ದಿರ್ಹಮಿಗೆ ನಲವತ್ತು ಪೈಸೆ ಹೊಡೆದಿದ್ದಾರೆ ನೋಡು.’